ಸ್ವಇಚ್ಛೆಯ ಪಕ್ಕದ ಕೆಂಪು ಚುಕ್ಕಿ

ಅಮ್ಮತ್ತಿ ನಾಡಕಚೇರಿಯ ಎರಡನೇ ಕಿಟಕಿ ನನ್ನದು.
ಕುರ್ಚಿ ನನ್ನದಲ್ಲ, ಹನ್ನೊಂದು ತಿಂಗಳ ಕರಾರು.
ಟೋಕನ್ ಇಪ್ಪತ್ತಾರು: ಪಣಿಎರವರ ಚೆಲ್ಲಿ,
ಗಂಡ ಬೊಳಕ, ಹೆಸರಿನ ಹಿಂದೆ ಲೇಟ್.
ಆನೆ ಅಲ್ಲ, ಜ್ವರ, ಎಂದಳು ನಾನು ಕೇಳುವ ಮೊದಲೇ.
ಆನೆಯಾಗಿದ್ದರೆ ಬೇರೆ ಅರ್ಜಿ, ಬೇರೆ ಕಿಟಕಿ
ಅಂತ ಅವಳಿಗೂ ಗೊತ್ತು.

ಹೆಸರು, ಆಧಾರ್, ಲೈನ್‌ಮನೆಯ ನಂಬರ್,
ಎಲ್ಲ ತುಂಬಿದ ಮೇಲೆ
ಈ ವರ್ಷ ಹೊಸದಾಗಿ ಬಂದ ಪುಟ:
‘ನನ್ನ ಹಾಗೂ ನನ್ನ ಕುಟುಂಬದ ಎಲ್ಲ ಖಾತೆಗಳ
ಜಮಾ ಖರ್ಚು ಪರಿಶೀಲಿಸಲು
ಸ್ವಇಚ್ಛೆಯಿಂದ ಒಪ್ಪಿರುತ್ತೇನೆ.’
ಸ್ವಇಚ್ಛೆಯ ಪಕ್ಕ ಒಂದು ಕೆಂಪು ಚುಕ್ಕಿ.
ಕೆಳಗೆ, ಇರುವೆಯಷ್ಟು ಅಕ್ಷರದಲ್ಲಿ,
ಚುಕ್ಕಿಯ ಅರ್ಥ: ಕಡ್ಡಾಯ.

ಓದಿ ಹೇಳಿದೆ. ಓದಿ ಹೇಳಬೇಕೆಂದು ನಿಯಮವಿದೆ.
ಅವಳು ಕಂಬಿ ಹಿಡಿದು ನಿಂತಳು.
‘ಪಾಸ್‌ಬುಕ್ಕಾ?’
ಹೂಂ.
‘ಒಳಗಿಂದಾ?’
ಒಳಗಿಂದಲೇ.
‘ಬೇಡ ಅಂದ್ರೆ?’
ಬೇಡ ಅನ್ನುವ ಗುಂಡಿ ಇಲ್ಲ ಎಂದೆ.
ಟಿಕ್ ಹಾಕದೆ ಮುಂದಿನ ಪುಟ ತೆರೆಯುವುದಿಲ್ಲ,
ಪಿಂಚಣಿ ಇರುವುದು ಮುಂದಿನ ಪುಟದಲ್ಲಿ.

ಸೊಂಟದ ಗಂಟು ಬಿಚ್ಚಿದಳು. ಪ್ಲಾಸ್ಟಿಕ್ಕು, ಅದರೊಳಗೆ
ಎಲೆಯಡಿಕೆ ವಾಸನೆಯ ಪಾಸ್‌ಬುಕ್ಕು.
ಫೆಬ್ರವರಿ: ನಾಲ್ಕು ಸಾವಿರದ ಇನ್ನೂರು.
ಮಾರ್ಚ್: ಏಳು ಸಾವಿರ. ಮತ್ತೆ ಮಾರ್ಚ್, ಮತ್ತೆ ಏಳು.
ಹಾಕಿದವರು ಸಿದ್ದಾಪುರದ ಯಾವುದೋ ಟ್ರೇಡರ್ಸ್.

‘ಕದ್ದದ್ದಲ್ಲ ಸಾರ್.’ ದನಿ ಇಳಿಸಿದಳು, ಹಿಂದೆ ಸಾಲಿತ್ತು.
‘ಪುನುಗಿಂದು.
ರಾತ್ರಿ ಅದು ಹಣ್ಣಾದದ್ದನ್ನೇ ಆರಿಸಿ ತಿನ್ನೋದು,
ನಮ್ಮ ಮೇಸ್ತ್ರಿಗಿಂತ ಚೆನ್ನಾಗಿ ಗೊತ್ತು ಅದಕ್ಕೆ.
ಬೆಳಿಗ್ಗೆ ಬಂಡೆ ಮೇಲೆ, ಬಿದ್ದ ಮರದ ಮೇಲೆ
ಹಿಕ್ಕೆ ಹಾಕಿರ್ತದೆ, ಬೀಜ ಬೀಜ,
ಅಂಗಡಿಯ ಕಡಲೆಮಿಠಾಯಿ ತುಂಡಿನ ಹಾಗೆ.
ನಾನು ಹೆಕ್ತೇನೆ. ತೊಳೀತೇನೆ.
ಯಾರೋ ಅದನ್ನ ಕುಡೀತಾರಂತೆ, ದುಡ್ಡು ಕೊಟ್ಟು.’
ನಾನು ನಗಲಿಲ್ಲ. ಅವಳೇ ಸ್ವಲ್ಪ ನಕ್ಕಳು.

ಆದಾಯದ ಮೂಲ ಎಂಬ ಕಾಲಂ ಇದೆ:
ಕೃಷಿ, ಕೂಲಿ, ವ್ಯಾಪಾರ, ಬಾಡಿಗೆ, ಸಂಬಳ, ಇತರೆ.
ಪುನುಗು ಇತರೆಯಲ್ಲಿ ಬರುತ್ತದೆ.
ಇತರೆ ಕೂಡಿದರೆ ಚೆಲ್ಲಿ ಮಿತಿ ದಾಟುತ್ತಾಳೆ,
ಸಾವಿರದ ನೂರು ರೂಪಾಯಿಯಿಂದ.
ಆ ಬೆಕ್ಕು ಒಂದು ವಾರ
ಪಕ್ಕದ ತೋಟಕ್ಕೆ ಹೋಗಿದ್ದರೆ ಸಾಕಿತ್ತು.

‘ಸಾರ್, ಒಳಗೆ ನೋಡುವಾಗ
ರೈಟರ ಪುಸ್ತಕವೂ ಕಾಣ್ತದಾ?’
ಯಾವ ಪುಸ್ತಕ?
‘ನೀಲಿ ರಟ್ಟಿಂದು. ಬೊಳಕನ ಅಡ್ವಾನ್ಸ್ ಬರೆದದ್ದು,
ಹದಿನೆಂಟು ಸಾವಿರ.
ಅವ ಸತ್ತ ಮೇಲೆ ನನ್ನ ಹೆಸರಿಗೆ ದಾಟಿಸಿದ್ರು,
ಶನಿವಾರ ಶನಿವಾರ ಹಿಡೀತಾರೆ.
ಎಷ್ಟು ಉಳೀತು ಅಂತ ನನಗೂ ತೋರ್ಸೋದಿಲ್ಲ.
ನಿಮಗಾದರೂ ಕಂಡ್ರೆ ಹೇಳಿ.’

ಅಂಥ ಪುಸ್ತಕಕ್ಕೆ ಅರ್ಜಿಯಲ್ಲಿ ಜಾಗ ಹುಡುಕಿದೆ.
ನಿಜವಾಗಿ ಹುಡುಕಿದೆ, ಮೌಸ್ ಎಳೆದು ಕೆಳತನಕ.
ಕೊನೆಗೆ ಸಿಕ್ಕಿದ್ದು:
‘ನೀವು ಯಂತ್ರವಲ್ಲ ಎಂದು ದೃಢಪಡಿಸಿ.’
ದೃಢಪಡಿಸಿದೆ. ದಿನಕ್ಕೆ ನಲವತ್ತು ಸಲ ಮಾಡುವ ಕೆಲಸ.

ಹೆಬ್ಬೆಟ್ಟಿನ ಪೆಟ್ಟಿಗೆ ಮುಂದಿಟ್ಟೆ.
ಕಾಳುಮೆಣಸು ಕುಯ್ದ ಕೈಗಳನ್ನು ಅದು ಸುಲಭಕ್ಕೆ ನಂಬುವುದಿಲ್ಲ.
ಮೂರು ಸಲ ತಪ್ಪಿದರೆ ನಾಳೆ ಬಾ ಎನ್ನಬಹುದು.
ನಾಳೆ ಕರೆಂಟ್ ಇರಲಿಕ್ಕಿಲ್ಲ, ಸರ್ವರ್ ಇರಲಿಕ್ಕಿಲ್ಲ,
ಮೇಲಿನವರು ಈ ಪುಟವನ್ನೇ ತೆಗೆದಿರಲೂಬಹುದು.
ತಪ್ಪಲಿ, ತಪ್ಪಲಿ ಎಂದು
ಹರಕೆ ಹೊತ್ತವನ ಹಾಗೆ ಕಾದೆ.

ಮೊದಲ ಸಲಕ್ಕೇ ಹಸಿರು ದೀಪ.

‘ಆಯ್ತಾ?’
ಆಯ್ತು.
ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡಳು,
ಒರೆಸಲು ಶಾಯಿ ಇರಲಿಲ್ಲ.
ಮೆಟ್ಟಿಲ ಹತ್ತಿರ ಹೋದವಳು ತಿರುಗಿ
ಇಡೀ ಸಾಲಿಗೆ ಕೇಳುವ ಹಾಗೆ,
‘ಬೆಕ್ಕಿನ ಒಪ್ಪಿಗೆ ಬೇಡವಾ ಸಾರ್?’

ಟೋಕನ್ ಇಪ್ಪತ್ತೇಳು, ಎಂದು ಕೂಗಿದೆ.